ಮೂರು ಬೆರಳು

"ಗಗನಾ, ಹೊಟ್ಟೆ ಒಳಗೆ. ಒಳಗೆ ಅಂದ್ರೆ ಒಳಗೆ. ಅದೇನು ಬಾಡಿಗೆಗೆ ತಂದಿರೋ ಸಾಮಾನಾ, ಜೋಪಾನ ಮಾಡೋಕೆ?"

ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದ ಚಾಪೆಯ ಲಕ್ಷ್ಮಿ. ಗಗನಾ ತಲೆಯ ಹಿಂದೆ ಕೈ ಕಟ್ಟಿಕೊಂಡು, ಹಲ್ಲು ಕಚ್ಚಿ, ಇನ್ನೊಂದು ಸಲ ಮೇಲೆದ್ದಳು. ಪರದೇಶದ ಈ ಕ್ಯಾಸಲ್‌ನಾಕ್ ಊರಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗಾಗಿ ಶನಿವಾರ ಬೆಳಿಗ್ಗೆ ಈ ಹೊಟ್ಟೆ ಕರಗಿಸುವ ಕ್ಲಾಸು ನಡೆಸುತ್ತಿದ್ದವನು ಅವಳ ಗಂಡ ದಿಲೀಪ್. ನಲವತ್ತೆಂಟರಲ್ಲೂ ಅವನ ಹೊಟ್ಟೆ ಇಸ್ತ್ರಿ ಮಾಡಿದ ಹಾಗಿತ್ತು. ಅದನ್ನು ತೋರಿಸಲೆಂದೇ ಬಿಗಿ ಟೀಶರ್ಟು ತೊಟ್ಟು ಬರುತ್ತಾನೆಂದು ಅವಳಿಗೆ ಅನುಮಾನ. ಅದರ ಪಕ್ಕದಲ್ಲಿ ಅವಳದನ್ನು ತೋರಿಸಲೆಂದೇ ಅವಳನ್ನು ಮುಂದಿನ ಸಾಲಿನಲ್ಲಿ ಮಲಗಿಸುತ್ತಾನೆಂಬುದು ಅನುಮಾನವಲ್ಲ.

ಐದು ವರ್ಷದಿಂದ ಅವಳು ರಾತ್ರಿ ಅನ್ನ ಮುಟ್ಟಿರಲಿಲ್ಲ. ಕೆನ್ನೆ ಇಳಿಯಿತು, ತೋಳು ಕಡ್ಡಿಯಾಯಿತು, ಹೊಟ್ಟೆ ಮಾತ್ರ ಮುಂದಕ್ಕೇ ಬಂತು. ಹೋದ ತಿಂಗಳು ಬಸ್ಸಿನಲ್ಲಿ ಹುಡುಗಿಯೊಬ್ಬಳು ಇವಳನ್ನು ಬಸುರಿಯೆಂದುಕೊಂಡು ಎದ್ದು ಸೀಟು ಬಿಟ್ಟುಕೊಟ್ಟಿದ್ದಳು. ನಲವತ್ತಾರನೇ ವಯಸ್ಸಿಗೆ. ದಿಲೀಪ್ ಅದನ್ನು ಹೋದ ಹೋದ ಮನೆಯಲ್ಲೆಲ್ಲ ಹೇಳಿ ನಗಿಸಿದ್ದ.

"ಗಗನಕ್ಕ, ಸ್ವಲ್ಪ ನಿಲ್ಲಿ." ಆ ದಿನ ಮೊದಲ ಸಲ ಕ್ಲಾಸಿಗೆ ಬಂದಿದ್ದ ಜುಲಿಯಾನಾ ತನ್ನ ಚಾಪೆ ಬಿಟ್ಟು ಎದ್ದು ಬಂದಳು. ಮಂಗಳೂರಿನವಳು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾದವರನ್ನು ನೋಡುವ ಫಿಸಿಯೋಥೆರಪಿಸ್ಟ್. "ನೀವು ಏಳುವಾಗ ಹೊಟ್ಟೆ ನಡುವಲ್ಲಿ ಡೇರೆಯ ಹಾಗೆ ಎದ್ದು ನಿಲ್ತದಲ್ಲ, ನೋಡಿದ್ದೀರಾ?"

"ಅದು ಟೈರು," ಎಂದ ದಿಲೀಪ್.

"ಟೈರಲ್ಲ ಮಾರಾಯ್ರೆ." ಜುಲಿಯಾನಾ ಮಂಡಿಯೂರಿ ಕೂತು ಗಗನಾಳ ಹೊಕ್ಕುಳ ಮೇಲೆ ಬೆರಳಿಟ್ಟಳು. "ತಲೆ ಮಾತ್ರ ಎತ್ತಿ. ಸಾಕು."

ಮೂರು ಬೆರಳು ಕಲಸಿದ ಹಿಟ್ಟಿನೊಳಗೆ ಇಳಿದ ಹಾಗೆ ಇಳಿದವು. ಎರಡು ಬದಿಗೂ ಗಟ್ಟಿ ಅಂಚು, ನಡುವೆ ಏನೂ ಇಲ್ಲ. ತನ್ನ ಮೈಯಲ್ಲಿ ಇಂಥದೊಂದು ಜಾಗವಿದೆಯೆಂದು ಗಗನಾಳಿಗೆ ಗೊತ್ತೇ ಇರಲಿಲ್ಲ.

"ಸ್ನಾಯು ನಡುವಲ್ಲಿ ಬಿಟ್ಟುಕೊಂಡಿದೆ. ಬಸಿರಿನಲ್ಲಿ ಎಲ್ಲರಿಗೂ ಆಗ್ತದೆ, ಆಮೇಲೆ ಹೆಚ್ಚಿನವರಿಗೆ ಕೂಡಿಕೊಳ್ತದೆ. ನಿಮ್ಮದು ಕೂಡಿಕೊಳ್ಳಲೇ ಇಲ್ಲ. ಇದು ಬೊಜ್ಜಲ್ಲ ಅಕ್ಕ, ಇದಕ್ಕೆ ಬೇರೆ ವ್ಯಾಯಾಮ ಉಂಟು. ಹೀಗೆ ಎದ್ದೆದ್ದು ಬಿದ್ರೆ ಇನ್ನೂ ಹಾಳಾಗ್ತದೆ. ಎಷ್ಟು ಸಮಯದಿಂದ ಮಾಡ್ತಿದ್ದೀರಿ?"

"ಐದು ವರ್ಷ." ಗಗನಾ ತಲೆಯ ಹಿಂದೆ ಕಟ್ಟಿದ್ದ ಕೈ ಬಿಡಿಸಿದಳು.

"ಹೆರಿಗೆ ಆದ ಕೂಡ್ಲೆ ಭಾರ ಗೀರ ಎತ್ತಿದ್ರಾ?"

ಅವಳು ಬಾಯಿ ತೆರೆಯುವ ಮೊದಲೇ ದಿಲೀಪ್ ಶುರುಮಾಡಿದ. "ನೋಡಿ ಜುಲಿಯಾನಾ, ನೀವು ಪ್ರೊಫೆಷನಲ್, ಒಪ್ಕೋತೀನಿ. ಆದ್ರೆ ಇವಳಿಗೆ ನೆಪ ಕೊಡಬೇಡಿ. ಇವಳು ಮೊದ್ಲು ಹೀಗಿರ್ಲಿಲ್ಲ." ಅವನು ಕ್ಲಾಸಿನ ಕಡೆ ತಿರುಗಿದ. ದನಿಯಲ್ಲಿ ಹೆಮ್ಮೆ ತುಂಬಿತ್ತು. "ಮಗಳ ನಾಮಕರಣ ಇದೇ ಹಾಲ್‌ನಲ್ಲೇ ಮಾಡಿದ್ದು. ಸಿಸೇರಿಯನ್ ಆಗಿ ಹನ್ನೆರಡನೇ ದಿನ. ಕೇಟರಿಂಗ್ ಇಲ್ಲ, ಏನಿಲ್ಲ. ಅರವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿ, ಆ ದೊಡ್ಡ ಪಾತ್ರೆನ ಕಾರಿಂದ ಒಳಗಿನ ತನಕ ಒಬ್ಳೇ ಹೊತ್ಕೊಂಡು ಬಂದ್ಲು. ನಾನು ಮಡಿ ಉಟ್ಕೊಂಡು ಪೂಜೆಗೆ ಕೂತಾಗಿತ್ತು, ಏಳೋ ಹಾಗಿರ್ಲಿಲ್ಲ. ಅಂಥಾ ಹೆಂಗಸು ಇವಳು. ಈಗ ನೋಡಿ, ಎಷ್ಟು ಸೋಮಾರಿ ಆಗಿದ್ದಾಳೆ."

ಯಾರೂ ನಗಲಿಲ್ಲ. ಜುಲಿಯಾನಾ ತಲೆ ತಗ್ಗಿಸಿದಳು. ಅವಳ ಕೈ ಇನ್ನೂ ಗಗನಾಳ ಹೊಟ್ಟೆಯ ಮೇಲೇ ಇತ್ತು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೊಟ್ಟವನಿಗೆ ಮಾತ್ರ ಅದು ಗೊತ್ತಾಗಿರಲಿಲ್ಲ.

"ಇಲ್ಲಿ ಬನ್ನಿ," ಎಂದಳು ಗಗನಾ.

"ಕ್ಲಾಸ್ ಮುಗೀಲಿ ಇರು."

"ಬನ್ನಿ ಅಂದೆ."

ಅವನು ಎಲ್ಲರ ಕಡೆ ಒಂದು ನಗೆ ಬೀರಿ ಬಗ್ಗಿದ. ಅವಳು ಅವನ ಮಣಿಕಟ್ಟು ಹಿಡಿದೆಳೆದು, ಅವನ ಬೆರಳುಗಳನ್ನು ಆ ಬಿರುಕಿನೊಳಗೆ ಒತ್ತಿ ತಲೆ ಎತ್ತಿದಳು. ಅಂಚುಗಳು ಬಿಗಿದುಕೊಂಡವು. ಬಿಸಿ ತಾಗಿದವನಂತೆ ಅವನು ಕೈ ಕಿತ್ತುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಇನ್ನೂ ಒತ್ತಿ. ಸೋಮಾರಿ ಹೊಟ್ಟೆ, ಏನೂ ಆಗಲ್ಲ. ಹೊಲಿಗೆ ಎಳೀತಿದೆ ಕಣ್ರೀ ಅಂದೆ ಅವತ್ತು. ಜನ ಹಸ್ಕೊಂಡು ಕೂತಿದಾರೆ, ಬೇಗ ತಗೊಂಡು ಬಾ ಅಂದ್ರಿ. ಅರವತ್ತು ಜನಾನೂ ಚೆನ್ನಾಗಿತ್ತು ಅಂತಾನೇ ಹೇಳಿ ಹೋದ್ರು."

"ಗಗನಾ, ಎಲ್ಲರೂ ನೋಡ್ತಿದಾರೆ." ಅವನ ದನಿ ಇಳಿದಿತ್ತು.

"ಐದು ವರ್ಷದಿಂದ ನೋಡ್ತಿದಾರೆ."

ಆದರೆ ಈಗ ಅವರನ್ನು ಯಾರೂ ನೋಡುತ್ತಿರಲಿಲ್ಲ. ಗಂಡಸರು ಎದ್ದು ಕೂತು ಶೂಗಳ ಲೇಸು ಸರಿಮಾಡಿಕೊಳ್ಳುತ್ತಿದ್ದರು. ಹೆಂಗಸರು ಮಲಗಿದಲ್ಲೇ ಇದ್ದರು. ಒಬ್ಬೊಬ್ಬಳೂ ತಲೆಯನ್ನು ಸ್ವಲ್ಪ ಎತ್ತಿ, ಟೀಶರ್ಟಿನ ಅಂಚಿನ ಕೆಳಗೆ ಕೈ ತೂರಿಸಿ, ಹೊಕ್ಕುಳ ಮೇಲೆ ಮೆಲ್ಲಗೆ ಒತ್ತಿ ನೋಡಿಕೊಳ್ಳುತ್ತಿದ್ದಳು. ಲಕ್ಷ್ಮಿಯ ಬೆರಳು ಒಳಗೆ ಇಳಿಯಿತು. ಅವಳು ಅದನ್ನು ಅಲ್ಲೇ ಇಟ್ಟುಕೊಂಡು, ಕತ್ತು ಹೊರಳಿಸಿ, ಆಚೆ ಬದಿಯ ಚಾಪೆಯಲ್ಲಿ ಕೂತಿದ್ದ ತನ್ನ ಗಂಡನನ್ನು ನೋಡತೊಡಗಿದಳು.