ಸಾವಿರ ಕಿಲೋಮೀಟರ್ ಮುನಿಸು

ರೋಂಡಾ ಮಾತು ಬಿಟ್ಟು ಸಾವಿರ ಕಿಲೋಮೀಟರ್ ಆಗಿತ್ತು.

ಈ ಮರುಭೂಮಿಯ ಕಡೆ ಮುನಿಸನ್ನೂ ಕಿಲೋಮೀಟರಿನಲ್ಲೇ ಅಳೆಯಬೇಕು. ಮೊನ್ನೆ ಸಂಜೆ ಫ್ಲಿಂಡರ್ಸ್ ಬೆಟ್ಟದ ಕ್ಯಾಂಪಿನಲ್ಲಿ ನೆವಿಲ್ ವ್ಯಾನನ್ನು ರಿವರ್ಸ್ ತೆಗೆಯುತ್ತಿದ್ದ. ಹೆಂಡತಿ ರೋಂಡಾ ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದಳು. ಕ್ಯಾಂಪಿನಲ್ಲಿ ಇದಕ್ಕಿಂತ ದೊಡ್ಡ ಮನರಂಜನೆ ಬೇರೆ ಇಲ್ಲ. ಅಕ್ಕಪಕ್ಕದವರೆಲ್ಲ ಕುರ್ಚಿ ತಿರುಗಿಸಿಕೊಂಡು, ಬಿಯರ್ ಹಿಡಿದು ಕೂತಿದ್ದರು. ವ್ಯಾನು ಹೋಗಿ ಮರಕ್ಕೆ ಗುದ್ದಿತು.

"ಕಣ್ಣೇನು ಮನೇಲೇ ಬಿಟ್ಟು ಬಂದಿದೀಯಾ?" ಎಂದು ನೆವಿಲ್ ಎಲ್ಲರೆದುರು ಕೂಗಿದ. ಕುರ್ಚಿಯವರು ಗೊಳ್ಳೆಂದು ನಕ್ಕರು.

ರೋಂಡಾ ನಗಲಿಲ್ಲ. "ಆಲಿಸ್ ಸ್ಪ್ರಿಂಗ್ಸ್ ಬಂದ್ಮೇಲೆ ನಾನು ರೈಲು ಹತ್ತಿ ಮನೆಗೆ ಹೋಗ್ತೀನಿ. ಉಳಿದ ಮರುಭೂಮಿ ನೀನೊಬ್ನೇ ನೋಡ್ಕೋ," ಎಂದಳು. ಅಷ್ಟೇ. ವ್ಯಾನಿನ ಹಿಂಬದಿಯ ಹಾಸಿಗೆ ಸೇರಿ ಪರದೆ ಎಳೆದುಕೊಂಡಳು. ಮಾರನೆಯ ಕ್ಯಾಂಪಿನಲ್ಲಿ ತಟ್ಟೆಗೆ ಊಟ ಬಂತು, ಮಾತು ಬರಲಿಲ್ಲ.

ಈ ದಿನ ಬೆಳಿಗ್ಗೆ ದಾರಿಯ ಬಂಕೊಂದರಲ್ಲಿ ನೆವಿಲ್ ಡೀಸೆಲ್ ತುಂಬಿಸಿದ. ಒಳಗೆ ಹೋಗಿ ಅವಳಿಗಿಷ್ಟವಾದ ಮಾಂಸದ ಪೈ ತಂದ.

"ಪೈ ತಂದಿದೀನಿ. ಬಿಸಿಬಿಸಿ ಇದೆ."

ಪರದೆ ಮಿಸುಕಲಿಲ್ಲ. ಪೊಟ್ಟಣವನ್ನು ಪಕ್ಕದ ಸೀಟಿನ ಸಾಮಾನಿನ ರಾಶಿಯ ಮೇಲೆ ಒತ್ತಿಟ್ಟು ಹೊರಟ. ಆಲಿಸ್ ಸ್ಪ್ರಿಂಗ್ಸ್ ಇನ್ನು ಮುನ್ನೂರು ಕಿಲೋಮೀಟರ್. ನಲವತ್ತೊಂದು ವರ್ಷದ ಸಂಸಾರ ಸರಿಮಾಡಿಕೊಳ್ಳಲು ಅವನಿಗೆ ಅಷ್ಟೇ ದಾರಿ ಉಳಿದಿತ್ತು. ಅವನಿಗೆ ನಿಜಕ್ಕೂ ಭಯವಾಯಿತು.

ದಾರಿಯವರೆಲ್ಲ ಪರಸ್ಪರ ಮಾತಾಡಿಕೊಳ್ಳುವ ವ್ಯಾನಿನ ರೇಡಿಯೋ ಕೂಡ ತೆಪ್ಪಗಿತ್ತು. ದಿನವೂ ಅದರಲ್ಲಿ ಲಾರಿಯವರು, ವ್ಯಾನಿನವರು ಅಲ್ಲಿ ಕಾಂಗರೂ ಇದೆ, ಇಲ್ಲಿ ಒಂಟೆ ಇದೆ ಎಂದು ಹರಟುತ್ತಲೇ ಇರುತ್ತಾರೆ. ಈ ದಿನ ಒಬ್ಬರದೂ ಸದ್ದಿಲ್ಲ. ಸುಮ್ಮನಿರಲಾರದೆ ನೆವಿಲ್ ತಾನೇ ಬಾಯಿ ಬಿಟ್ಟ.

"ರೋಂಡಾ, ಆ ಮರ ನಂಗೆ ಕನ್ನಡೀಲಿ ಕಾಣಿಸ್ತಿತ್ತು. ನೀನು 'ನಿಲ್ಸು' ಅಂದಿದ್ದೂ ಕೇಳಿಸ್ತು. ಜನ ನೋಡ್ತಿದಾರೆ ಅಂತ ಜಂಬ ಮಾಡೋಕೆ ಹೋಗಿ ಗುದ್ದಿದೆ. ತಪ್ಪು ನಿನ್ನ ತಲೆಗೆ ಕಟ್ಟಿದೆ."

ಕನ್ನಡಿಯಲ್ಲಿ ಹಿಂದಿನ ಪರದೆಯತ್ತ ಇಣುಕಿದ.

"ಕ್ಯಾಂಪಲ್ಲೆಲ್ಲ ನಿಂದೇ ಗೊರಕೆ ಅಂತ ಹೇಳ್ಕೊಂಡ್ ಬಂದಿದೀನಿ. ಗೊರಕೆ ನಂದು."

ಎದುರಿನಿಂದ ಒಂದು ಕ್ಯಾರವಾನ್ ಬಂತು. ಈ ರಸ್ತೆಯಲ್ಲಿ ಎದುರಾದವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುವುದು ವಾಡಿಕೆ. ಆ ಮುದುಕ ಎರಡೂ ಹೆಬ್ಬೆರಳು ಎತ್ತಿದ. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದರ ಹಿಂದಿನವನು ಹಾರ್ನ್ ಹೊಡೆದ. ಒಳ್ಳೆಯ ಜನ, ಎಂದುಕೊಂಡ ನೆವಿಲ್.

ಬೆನ್ನ ಹಿಂದೆ ಮಾತ್ರ ಮೂರು ಟ್ರೈಲರಿನ ಲಾರಿಯೊಂದು ಲೈಟು ಮಿನುಗಿಸುತ್ತಲೇ ಇತ್ತು. ಹೋಗಲಿ ಎಂದು ಎಡಕ್ಕೆ ಸರಿದು ದಾರಿ ಕೊಟ್ಟ. ಹೋಗಲಿಲ್ಲ. ಹಾಳಾಗಲಿ ಎಂದು ಬಿಟ್ಟ.

"ಮರುಭೂಮಿ ನಂಗೇನೂ ಬೇಡ ಕಣೇ," ಎಂದ. "ಸೂರ್ಯ ಮುಳುಗೋವಾಗ ಎಲ್ರೂ ಕೆಂಪಾಗೋ ಬಂಡೆ ನೋಡ್ತಾರೆ. ನಾನು ನಿನ್ನ ಮುಖ ನೋಡ್ತೀನಿ. ನೀನು ರೈಲು ಹತ್ತಿದ್ರೆ ನಾನು ಯಾವ ಕಡೆ ನೋಡ್ಲಿ?"

ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಪೈ ಪೊಟ್ಟಣದ ಕಾಗದಕ್ಕೆ ಕೈ ಹಾಕಿದ. ಪೊಟ್ಟಣ ಉರುಳಿತು. ಏನೋ ಟಿಕ್ ಎಂದಿತು.

"ನೆವ್, ವ್ಯಾನು ನಿಲ್ಸು."

ರೋಂಡಾಳ ದನಿ! ನೆವಿಲ್‌ಗೆ ಹೋದ ಜೀವ ಬಂದಂತಾಯಿತು. ಕೆಂಪು ಮಣ್ಣಿನ ಅಂಚಿಗೆ ವ್ಯಾನು ಇಳಿಸಿ, ಎದ್ದು ಹೋಗಿ ಪರದೆ ಸರಿಸಿದ. ಹಾಸಿಗೆಯ ಮೇಲೆ ಮಡಿಸಿಟ್ಟ ಹೊದಿಕೆ ಬಿಟ್ಟರೆ ಏನೂ ಇರಲಿಲ್ಲ.

"ಅಲ್ಲಿ ಹುಡುಕ್ಬೇಡ, ಬಂಕಲ್ಲಿ ನಾನು ಟಾಯ್ಲೆಟ್‌ಗೆ ಹೋಗಿದ್ದಾಗ ನೀನು ನನ್ನ ಬಿಟ್ಟು ಬಂದೆ, ನಿನ್ನ ಹಿಂದಿನ ಲಾರೀಲಿ ಕೂತಿದೀನಿ," ಎಂದಿತು ರೇಡಿಯೋ, "ಆ ಪೊಟ್ಟಣದ ಕೆಳಗೆ ಅಮುಕಿಕೊಂಡಿದ್ದು ನಿನ್ನ ಮೈಕಿನ ಗುಂಡಿ ಕಣೋ, ನಮ್ಮ ದನಿ ನಿಂಗೆ ಬರ್ಲಿಲ್ಲ, ನಿಂದು ಇಡೀ ರಸ್ತೆಗೇ ಕೇಳಿಸಿದೆ, ರೈಲು ಹಾಳಾಗ್ಲಿ, ಈ ಡ್ರೈವರ್ ಅಳು ನಿಲ್ಲಿಸ್ತಿಲ್ಲ, ಮೊದ್ಲು ಬಂದು ಇವನಿಗೆ ಸಮಾಧಾನ ಮಾಡು!"