ದಡ್ಡಿಯ ಗಂಟು

ಮೋರಖಂಡಿಯಲ್ಲಿ ಸಂಜೆಗಾಳಿ ಎದ್ದಾಗ ಬಾಳಮ್ಮ ಕುರಿದಡ್ಡಿಯ ಬಾಗಿಲಿಗೆ ಎರಡನೆಯ ಗಂಟು ಬಿಗಿಯುತ್ತಿದ್ದಳು. ಗಾಳಿ ಜೋರಾದಾಗಲೆಲ್ಲ ಗಂಡ ಅಮೋಘಸಿದ್ದಪ್ಪ ಆ ಬಾಗಿಲು ತೆರೆದುಬಿಡುತ್ತಿದ್ದ. ಕುರಿಗಳು ನೆಟ್ಟಗೆ ಪಕ್ಕದ ಹೊಲದ ಸೂರ್ಯಕಾಂತನ ಜೋಳಕ್ಕೆ ನುಗ್ಗುತ್ತಿದ್ದವು. ತಪ್ಪಾಯಿತೆಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಇವತ್ತು ಅವನು ಜ್ವರದಿಂದ ಒಳಗೆ ಮಲಗಿದ್ದ. ಸೂರ್ಯಕಾಂತ ಅಲ್ಲಿಗೇ ಬಂದು ಕೂತಿದ್ದ.

“ಇನ್ನೊಮ್ಮಿ ನಿನ್ನ ಕುರಿ ಬಂದ್ರ ಕೊಂಡವಾಡಕ್ಕ ಹೊಡೀತೇನಿ, ದಂಡ ಕಟ್ಟಿ ಬಿಡಿಸ್ಕೋಬೇಕು ನೋಡಣ್ಣಾ,” ಗೋಡೆಯಾಚೆಯಿಂದ ಅವನ ದನಿ ಕೇಳಿತು. “ಗಾಳಿ ಬಂತಂತ ಕುರಿ ಬಿಡಾಂವನ್ನ ನಾ ಎಲ್ಲೂ ಕಂಡಿಲ್ಲ. ತಲಿ ನೆಟ್ಟಗದ ಇಲ್ಲೋ?”

“ಐದು ವರ್ಷದ ಹಿಂದ ಆಂಧ್ರದಾಗ ಸಮುದ್ರದ ಕಡಿ ಕುರಿ ಮೇಸಾಕ ಹೋಗಿದ್ವಿ. ತುಫಾನ್ ಬಂತು. ತೋಳ ಬರ್ತಾವಂತ ದಡ್ಡಿ ಬಿಗಿದು ಕಟ್ಟಿದ್ದೆ. ತೋಳ ಬರಲಿಲ್ಲೋ ಸೂರ್ಯಾ, ನೀರು ಬಂತು. ನಾವು ಮರ ಹತ್ತಿ ಉಳದ್ವಿ. ಕುರಿ ಕಟ್ಟಿದಲ್ಲೇ ಹೋದವು.” ಅಮೋಘಸಿದ್ದಪ್ಪ ಕೆಮ್ಮಿದ. “ತಪ್ಪು ನಂದ. ಯಾರ ಮಾತೂ ಕೇಳಲಿಲ್ಲ ನಾ.”

ಬಾಳಮ್ಮನ ಕೈ ನಿಂತಿತು. ಅವತ್ತು ಗಾಳಿ ಏರಿದಾಗ ಅವನು ಗಂಟು ಬಿಚ್ಚಲು ಹೊರಟಿದ್ದ. “ತೋಳದ ಬಾಯಿಗಿ ಹಾಕ್ತೀರೇನ್ರಿ?” ಎಂದು ಕೈ ಹಿಡಿದು ತಡೆದವಳು ಅವಳೇ. ಐದು ವರ್ಷದಲ್ಲಿ ಒಂದು ಸಲವೂ ಅವನು ಆ ಮಾತು ಎತ್ತಿರಲಿಲ್ಲ.

ಅವಳು ಎರಡೂ ಗಂಟು ಬಿಚ್ಚಿದಳು. ಆಮೇಲೆ ಗಂಡನ ಕೋಲು ತೆಗೆದುಕೊಂಡು ಹೋಗಿ, ಜೋಳಕ್ಕೆ ಅಡ್ಡವಾಗಿ ನಿಂತಳು.