ನಿಂಬೆವ್ವನ ಒಲೆ ಆರಿದ್ದು

ಖಾನಾವಳಿಯ ಕೆಲಸ ಬಿಡುವವರನ್ನು ಅವರ ಒಲೆಯೂ ಬಿಡಬೇಕು. ಜೊತೆಗೆ ದುಡಿದವರೆಲ್ಲ ಒಲೆಯ ಮುಂದೆ ನಿಂತು ಒಂದೊಂದು ನಿಜ ಹೇಳಿದರೆ ಬೆಂಕಿ ತಾನಾಗಿ ಆರುತ್ತದೆ. ಅದು ಆರುವವರೆಗೆ ಬೇರೆ ಯಾವ ಒಲೆಯೂ ಅವರ ಕೈಗೆ ಹೊತ್ತುವುದಿಲ್ಲ.

ರೊಟ್ಟಿ ಬಡಿಯುವ ನಿಂಬೆವ್ವ ಪಕ್ಕದ ಓಣಿಯಲ್ಲಿ ಸ್ವಂತ ಖಾನಾವಳಿ ತೆರೆಯುವವಳಿದ್ದಳು. ನಾಳೆ ಬೆಳಿಗ್ಗೆಯೇ ಶುರು.

"ನಿನ್ನ ಹಾಡು ಕೇಳಿ ಕೇಳಿ ನನಗೂ ಬಾಯಿಪಾಠ ಆಗೇತಿ," ಎಂದಳು ಪಾತ್ರೆ ತೊಳೆಯುವ ಶಿವಗಂಗಾ, ನಿಂಬೆವ್ವನ ಒಲೆಯ ಮುಂದೆ ನಿಂತು. ಬೆಂಕಿ ಅರ್ಧ ತಗ್ಗಿತು.

ಇನ್ನು ಉಳಿದವನು ಪಲ್ಯ ಮಾಡುವ ಫಕೀರಪ್ಪ ಒಬ್ಬನೇ. ಒಂದು ವಾರದಿಂದ ಮುಖ ಊದಿಸಿಕೊಂಡಿದ್ದ.

"ಹೋಗ್ಲಿ ಬಿಡ್ರಿ, ಪೀಡಾ ಹೋತು," ಎಂದ. ಬೆಂಕಿ ಧಗ್ಗನೆ ಎದ್ದಿತು.

"ಸುಳ್ಳು!" ಎಂದು ಶಿವಗಂಗಾ ಚಪ್ಪಾಳೆ ತಟ್ಟಿದಳು.

"ಆಕಿ ಹೋದ್ರ ನನಗೇನೂ ಫರಕ್ ಇಲ್ಲ." ಜ್ವಾಲೆ ಅವನ ಮೀಸೆಯವರೆಗೆ ಬಂತು.

"ಕಾಕಾ, ಮೀಸಿ ಉಳಿಸ್ಕೊ," ಎಂದು ನಿಂಬೆವ್ವ ನಕ್ಕಳು. ಆದರೆ ಅವಳ ಕಣ್ಣು ಒಲೆಯ ಮೇಲೆಯೇ ಇತ್ತು.

ಫಕೀರಪ್ಪ ತಲೆ ತಗ್ಗಿಸಿದ. "ನನಗ ಉಪ್ಪು ತಿಳಿಯೂದಿಲ್ಲ, ಯವ್ವಾ. ಹತ್ತು ವರ್ಷ ನೀನ ರುಚಿ ನೋಡಿ ಹೇಳಿದಿ. ಇನ್ನ ಯಾರನ್ನ ಕೇಳ್ಲಿ?"

ಒಲೆ ನಿಟ್ಟುಸಿರಿಟ್ಟಂತೆ ಆರಿತು.

ಮರುದಿನ ನಿಂಬೆವ್ವನ ಹೊಸ ಒಲೆ ಒಂದೇ ಕಡ್ಡಿಗೆ ಹೊತ್ತಿಕೊಂಡಿತು. ಮೊದಲ ರೊಟ್ಟಿ ಉಬ್ಬುವಷ್ಟರಲ್ಲಿ ಎಣಗಾಯಿ ಪಲ್ಯದ ಬಟ್ಟಲು ಹಿಡಿದು ಫಕೀರಪ್ಪ ಬಾಗಿಲಲ್ಲಿ ನಿಂತಿದ್ದ.

"ಲಗೂನ ನೋಡವಾ. ಅಲ್ಲಿ ಗಿರಾಕಿ ಕುಂತಾರ."